ಪೆನ್ಸಿಲಿನ ಹೆಸರು

ಶಾಲೆಯ ಗೋಡೆಗೆ ಅಂಟಿಸಿದ್ದ, ಪರೀಕ್ಷೆ ಬರೆಯುವವರ ಪಟ್ಟಿಯನ್ನು ಸಿಪಾಯಿಯ ಹೆಂಡತಿ ಬೆರಳಿಟ್ಟು ಮೇಲಿಂದ ಕೆಳಕ್ಕೆ ಎರಡು ಸಲ ಓದಿದಳು. ಎಪ್ಪತ್ತಮೂರು ಹೆಸರು. ಮಗಳದಿಲ್ಲ. ಗಂಡನಿಗೆ ವರ್ಗವಾಗಿ ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಹುಡುಗಿ ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಹತ್ತನೆಯ ತರಗತಿ. ಈ ಸಲ ಕೂರದಿದ್ದರೆ ಒಂದು ವರ್ಷ ಮಣ್ಣುಪಾಲು.

ಆಫೀಸಿನಲ್ಲಿ ಗುಮಾಸ್ತರು ಪಟ್ಟಿಯ ಪ್ರತಿಯನ್ನು ಲಕೋಟೆಗೆ ತೂರಿಸುತ್ತಿದ್ದರು. ಅಂಟಿನ ಬಾಟಲಿ ಬಾಯಿ ತೆರೆದುಕೊಂಡಿತ್ತು. ಬಾಗಿಲಲ್ಲಿ ಮುದಿ ಜವಾನ ಸೈಕಲ್ ಹಿಡಿದು ನಿಂತಿದ್ದ. ನಾಲ್ಕರೊಳಗೆ ಲಕೋಟೆ ಪರೀಕ್ಷಾ ಕಚೇರಿ ಮುಟ್ಟಬೇಕು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

"ಸಾರ್, ನನ್ನ ಮಗಳ ಹೆಸರು ಬಿಟ್ಟೋಗಿದೆ."

"ಹೆಂಗೆ ಬಿಟ್ಟೋಗುತ್ತೆ? ರಿಜಿಸ್ಟರ್ ನೋಡ್ಕೊಂಡೇ ಬರ್ದಿದೀನಮ್ಮ." ಅವರು ರಿಜಿಸ್ಟರನ್ನು ಅವಳತ್ತ ತಿರುಗಿಸಿದರು.

ಹೆಸರಿತ್ತು. ಪುಟದ ತಳದಲ್ಲಿ, ಪೆನ್ಸಿಲಿನಲ್ಲಿ. ಮೂರು ತಿಂಗಳು ಅಂಗೈ ಉಜ್ಜಿ ಅರ್ಧ ಮಾಸಿತ್ತು.

"ಪೆನ್ಸಿಲ್ ಯಾಕೆ?"

"ನಿಮ್ಮ ಮಿಲಿಟರಿ ಕ್ವಾರ್ಟರ್ಸ್ ಮಕ್ಕಳು ಇವತ್ತು ಬರ್ತಾರೆ, ನಾಳೆ ಗಂಟುಮೂಟೆ ಕಟ್ತಾರೆ. ಇಂಕಲ್ಲಿ ಬರೆದು ಹೊಡೆದುಹಾಕ್ತಾ ಕೂತ್ರೆ ಪುಟವೆಲ್ಲ ಗಲೀಜು. ಹಳೇ ಶಾಲೆ ದಾಖಲೆ ಬರ್ಲಿ, ಆಮೇಲೆ ಇಂಕು. ಇಂಕಲ್ಲಿರೋ ಹೆಸರಷ್ಟೇ ಪಟ್ಟಿಗೆ. ಇಪ್ಪತ್ತು ವರ್ಷದಿಂದ ಹಿಂಗೇ."

ಅವಳು ಸೊಂಟದ ಚೀಲದಿಂದ ಎಂಟು ಮಡಿಕೆಯ ಸರ್ಕಾರಿ ಆದೇಶದ ಕಾಗದ ತೆಗೆದಳು. 'ಇದನ್ನ ಟ್ರಂಕಿಗೆ ಹಾಕಬೇಡ, ಟ್ರಂಕು ಲಾರಿ ತಳ ಸೇರುತ್ತೆ' ಎಂದು ಹಳೇ ಊರು ಬಿಡುವಾಗ ಗಂಡ ಕೊಟ್ಟಿದ್ದ. ನಿಧಾನವಾಗಿ, ಅಕ್ಷರ ಬಿಡದೆ ಓದಿದಳು: "ವರ್ಗವಾಗಿ ಬಂದ ಸೈನಿಕರ ಮಕ್ಕಳಿಗೆ, ದಾಖಲೆ ತಡವಾಯಿತೆಂಬ ಕಾರಣಕ್ಕೆ ಪರೀಕ್ಷೆ ತಪ್ಪಿಸತಕ್ಕದ್ದಲ್ಲ."

"ಅದನ್ನ ಹೆಡ್ ಮೇಡಂ ಹೇಳ್ಬೇಕು. ಅವರು ಪಾಠದಲ್ಲಿದ್ದಾರೆ." ಗುಮಾಸ್ತರು ಅಂಟಿನ ಕುಂಚ ಎತ್ತಿದರು.

ಅವಳು ಲಕೋಟೆಯ ಬಾಯಿಗೆ ಅಂಗೈ ಇಟ್ಟಳು. "ಹಚ್ಚೋದಾದ್ರೆ ನನ್ನ ಕೈಗೇ ಹಚ್ಚಿ."

ಜವಾನ ಕಿಸಕ್ಕನೆ ನಕ್ಕ. ಅವಳ ಮುಖ ಕಂಡು ನಗು ನುಂಗಿದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಯಾರೂ ಹೇಳದಿದ್ದರೂ ತರಗತಿಗಳ ಕಡೆ ನಡೆದ.

ಹೆಡ್ ಮೇಡಂ ಬಂದಾಗ ಮೂರೂ ಇಪ್ಪತ್ತೈದು. ಸೀಮೆಸುಣ್ಣದ ಕೈಯಲ್ಲೇ ಕಾಗದ ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ರಿಜಿಸ್ಟರಿನ ಮೇಲೆ ಬಗ್ಗಿದರು.

"ನಮ್ಮ ಪುಟ ಚೆನ್ನಾಗಿರ್ಲಿ ಅಂತ ಮಗೂನ ಅಳಿಸೋಕೆ ಹೊರಟಿದ್ವಾ? ಇಂಕಲ್ಲಿ ಬರೀರಿ. ಪಟ್ಟಿಗೂ ಸೇರಿಸಿ."

ಗುಮಾಸ್ತರು ಪೆನ್ಸಿಲಿನ ಗೆರೆಯ ಮೇಲೇ ಪೆನ್ನು ಎಳೆದರು. ಲಕೋಟೆಯಿಂದ ಪಟ್ಟಿ ಹೊರತೆಗೆದು ಎಪ್ಪತ್ತನಾಲ್ಕನೆಯ ಹೆಸರು ಬರೆದು, ಊದಿ ಆರಿಸಿ, ಮತ್ತೆ ಲಕೋಟೆಗೆ ಕೈ ಹಾಕಿದರು. ಅವಳ ಅಂಗೈ ಆಗಲೇ ಅದರ ಬಾಯಿಗೆ ಮರಳಿತ್ತು.

"ಇನ್ನೇನು ತಾಯಿ?"

"ಅದರ ಕೆಳಗೆ ಇನ್ನೊಂದಿದೆ."

ಇತ್ತು. ಬೆಳಕಿಗೆ ಓರೆ ಹಿಡಿದರಷ್ಟೇ ಕಾಣುವಷ್ಟು ಮಾಸಿತ್ತು.

"ಅದು ಮಿಲಿಟರಿ ಲಾರಿ ಡ್ರೈವರ್ ಮಗಳದು. ಅವರಮ್ಮ ಕೇಳೋಕೆ ಬಂದಿಲ್ವಲ್ಲ!"

"ನಾನು ಬಂದಿದೀನಲ್ಲ."

ಗುಮಾಸ್ತರು ಹೆಡ್ ಮೇಡಂ ಮುಖ ನೋಡಿದರು, ಗಡಿಯಾರ ನೋಡಿದರು. ಮೂರೂವರೆ. ಕನ್ನಡಕ ಮೇಲೇರಿಸಿ, ಅಳಿದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದತೊಡಗಿದರು. ಜವಾನ ಸೈಕಲ್ಲನ್ನು ರಸ್ತೆಗೆ ಮುಖಮಾಡಿ ತಿರುಗಿಸಿಟ್ಟ.