ಮುಚ್ಚಳ ಬೀಳದ ಜೇನು

ಹೆಜ್ಜೇನು ಕೊಯ್ಯಲು ಮರ ಹತ್ತುವವನ ಸೊಂಟದ ಹಗ್ಗವನ್ನು ಕೆಳಗೆ ಹಿಡಿಯಬೇಕಾದವನು ಅವನ ಹೆಂಡತಿಯ ಅಣ್ಣನೋ ತಮ್ಮನೋ. ಪೊನ್ಕುಳಿಯ ಹಾಡಿಯಲ್ಲಿ ಇದು ಹಿಂದಿನಿಂದ ಬಂದ ಕಟ್ಟಳೆ. ಒಡಹುಟ್ಟಿದವಳನ್ನು ಮುಂಡೆ ಮಾಡಲು ಯಾರಿಗೆ ತಾನೇ ಮನಸ್ಸು ಬಂದೀತು? ಮಾತಿಯ ಗಂಡ ಮಾರನ್ ಮರ ಹತ್ತಿದರೆ ಹಗ್ಗ ಹಿಡಿಯುತ್ತಿದ್ದವನು ಅವಳ ತಮ್ಮ ಉಣ್ಣಿ. ಹಾಗಾಗಿ ಮಾತಿ ನೆಮ್ಮದಿಯಿಂದ ಇರುತ್ತಿದ್ದಳು.

ಮಳೆ ಹಿಡಿದ ಮೇಲೆ ಮಾರನ್ ಮರದ ಕಡೆ ತಲೆ ಹಾಕುತ್ತಿರಲಿಲ್ಲ. ಮರ ಜಾರುತ್ತದೆ. ಮೇಲಾಗಿ, ಎರಿಯ ಕಣ್ಣುಗಳಿಗೆ ಹುಳುಗಳು ಹಾಕುವ ಮೇಣದ ಮುಚ್ಚಳ ಬೀಳದ ಜೇನು ಬರೀ ನೀರು ನೀರು. ಹುಳಿ ಬಂದು ನೊರೆಯೇಳುತ್ತದೆ, ಯಾರೂ ಮೂಸುವುದಿಲ್ಲ. ಈ ವರ್ಷ ಜೇನು ಕೊಳ್ಳುವ ರಜೀಶ್ ತನ್ನ ಘಟಕಕ್ಕೆ ಹೊಸ ಯಂತ್ರ ತಂದ. ಅದರೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಪೊರೆ. ಜೇನು ಈಚೆಯೇ ಉಳಿಯುತ್ತದೆ, ನೀರು ಮಾತ್ರ ಪೊರೆ ದಾಟಿ ಹೋಗುತ್ತದೆ, ಬೆಂಕಿಯೇ ಬೇಡ. ಒಳ್ಳೆಯ ಯಂತ್ರವೇ, ಯಾರು ಅಲ್ಲವೆಂದರು! ಆದರೆ ಅದು ಬಂದದ್ದೇ ತಡ, ಮಳೆಗಾಲದ ಜೇನಿಗೂ ಬೇಡಿಕೆ ಹುಟ್ಟಿಕೊಂಡಿತು.

ಆ ಸುದ್ದಿಯನ್ನು ಹಾಡಿಗೆ ತಂದವನು ಉಣ್ಣಿಯೇ. ಘಟಕದಲ್ಲಿ ಕಾಯಂ ಕೆಲಸ ಕೊಡುತ್ತೇನೆಂದು ರಜೀಶ್ ಅವನಿಗೆ ಆಸೆ ತೋರಿಸಿದ್ದ.

“ಬಾವಾ, ಮುಚ್ಚಳ ಬೀಳೋತನಕ ಯಾಕೆ ಕಾಯ್ಬೇಕು? ನೀರು ಎಷ್ಟಿದ್ರೂ ಮೆಷಿನ್ ತೆಗೀತದೆ.”

“ಮರ ಒದ್ದೆ ಅದೆ ಕಣೋ,” ಎಂದ ಮಾರನ್.

“ಪೇಡಿ ಆಯ್ತಾ? ಕೆಳಗೆ ನಾ ಇಲ್ವಾ?”

ಭಾಮೈದನ ಬಾಯಲ್ಲಿ, ಅದೂ ಹೆಂಡತಿಯ ಎದುರಿಗೆ, ಅಂಜುಬುರುಕ ಅನ್ನಿಸಿಕೊಂಡು ಯಾವ ಗಂಡಸು ಸುಮ್ಮನೆ ಕೂತಾನು? ಮಾತಿಯೂ ತಡೆಯಲಿಲ್ಲ. ಕೆಳಗಿರುವವನು ತನ್ನ ತಮ್ಮನಲ್ಲವೇ!

ಮಾರನ್ ಮತ್ತಿಮರ ಹತ್ತಿದ, ಜೇನು ಕೊಯ್ದ, ತುಂಬಿದ ಡಬ್ಬವನ್ನು ಜೋಪಾನವಾಗಿ ಕೆಳಗಿಳಿಸಿದ. ತಾನು ಇಳಿಯುವಾಗ ಕಾಲು ಜಾರಿತು. ಹಗ್ಗ ಬಿಗಿಯುವಷ್ಟರಲ್ಲಿ ತಲೆ ಕೊಂಬೆಗೆ ಬಡಿದಿತ್ತು. ಅಂಗೈ ಸುಲಿದು ನೆತ್ತರು ಬಂದರೂ ಉಣ್ಣಿ ಹಗ್ಗ ಬಿಡಲಿಲ್ಲ. ಅವನು ಮೆಲ್ಲಗೆ ಇಳಿಸಿದ್ದು ಹೆಣವನ್ನು.

ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ಉಣ್ಣಿ ಒಂದು ಬಾಟಲಿ ತಂದು ಅಕ್ಕನ ಮುಂದಿಟ್ಟ. ಮಾರನ್ ಕೊಯ್ದ ಜೇನು, ರಜೀಶ್ ಕಳಿಸಿದ್ದು. ಗಟ್ಟಿಯಾಗಿ ಹೊಳೆಯುತ್ತಿತ್ತು.

“ಒಂದ್ ಹನಿ ನೀರಿಲ್ಲ ಅಕ್ಕಾ,” ಎಂದ. ಆಮೇಲೆ ಅತ್ತೇಬಿಟ್ಟ. “ದೇವರಾಣೆ, ನಾ ಹಗ್ಗ ಬಿಡ್ಲಿಲ್ಲ.”

ಮಾತಿ ಅವನ ಅಂಗೈ ಹಿಡಿದು ಹುಣ್ಣು ನೋಡಿದಳು.

“ಗೊತ್ತು ಕಣೋ, ಹಗ್ಗ ಬಿಡೋನಲ್ಲ ನೀ. ಅದಕ್ಕೇ ಅಲ್ವಾ ಆ ರಜೀಶ ನಿನ್ನ ಕೈಲೇ ಹೇಳ್ಸಿದ್ದು? ಬೇರೆ ಯಾರ್ ಬಂದು ಹೇಳಿದ್ರೂ ನಾ ನಿನ್ ಬಾವನ್ನ ಮರಕ್ಕೆ ಕಳಿಸ್ತಿರ್ಲಿಲ್ಲ.”