ಹರಳೆದ್ದ ಸೀರೆ

"ಏನ ನೇದೀಬೇ ಇದನ್ನ? ಸೀರಿ ಅಂತಾರೇನ ಇದಕ್ಕ? ಮೈತುಂಬ ಸಿಡಬ ಎದ್ದಂಗ ಎದ್ದೈತಲ್ಲ! ಕಣ್ಣ ಎಲ್ಲಿಟ್ಟಿದ್ದಿ ರಂಡೆ, ಗಂಡನ ತೊಡಿಮ್ಯಾಲೇನ?"

ಬಸಗೊಂಡಪ್ಪ ಸಾವುಕಾರ ಸೀರೆಯನ್ನು ಕರೆವ್ವನ ಮುಖಕ್ಕೆ ಎಸೆದ. ಬನಹಟ್ಟಿಯ ಅವನ ಶೆಡ್ಡಿನಲ್ಲಿ ನಾವೆಲ್ಲ ಪಾವರ್‌ಲೂಮ್ ನಡೆಸುವವರು. ಹಾಸಿನ ಉದ್ದದ ಎಳೆ ಸಡಿಲಾಗಿ ಸೀರೆ ಪೂರ್ತಿ ಹರಳು ಹರಳಾಗಿ ಎದ್ದಿತ್ತು, ಖರೆ. ಆದರೆ ಹಾಸು ಬಿಗಿಹಿಡಿಯುವ ತೂಕದ ಗುಂಡು ಬಿದ್ದುಹೋಗಿದೆ ಎಂದು ಕರೆವ್ವ ವಾರದಿಂದ ಬಡಕೊಂಡಿದ್ದಳು. ಕೇಳುವವರು ಯಾರು? ಬಡವನ ಕೋಪ ದವಡೆಗೆ ಮೂಲ.

ಕೆಟ್ಟ ಸೀರೆಯನ್ನು ಕೂಲಿ ಹಿಡಿದು ನೇದವಳ ತಲೆಗೇ ಕಟ್ಟುವುದು ನಮ್ಮ ಶೆಡ್ಡಿನ ರೂಢಿ. ಹಾಗಾಗಿ ನಮ್ಮ ಓಣಿಯಲ್ಲಿ ಯಾರ ಮೈ ನೋಡಿದರೂ ಅವರವರ ತಪ್ಪು ಕಾಣುತ್ತದೆ. ನನ್ನ ಸೀರೆಯ ಅಂಚು ನಡುವೆಯೇ ತಪ್ಪಿಹೋಗಿದೆ, ಜೊತೆಗೆ ನೇಯುವ ಮುದಕವ್ವನ ಸೆರಗಿನ ತುಂಬ ಎಣ್ಣೆಯ ಕಲೆ. ಕರೆವ್ವನಿಗೆ ಸಿಡಬಿನ ಕರೆವ್ವ ಎಂಬ ಹೆಸರೇ ಬಿತ್ತು. ಅವಳು ಮಾತ್ರ ಅದನ್ನೇ ಉಟ್ಟಳು. ಉಡುತ್ತ ಉಡುತ್ತ ಅವಳು ಅದರ ಮೇಲೆ ಜೀವವನ್ನೇ ಇಟ್ಟುಕೊಂಡಳು. "ಅನಸವ್ವಾ, ಬಿಸಲಾಗೂ ಮೈಗೆ ಅಂಟೂದಿಲ್ಲ ನೋಡ, ಗಾಳಿ ಆಡತೈತಿ," ಎನ್ನುತ್ತಿದ್ದಳು ನನಗೆ. ತವರಿನಿಂದ ಬಂದದ್ದಿಲ್ಲ, ಗಂಡ ತಂದದ್ದಿಲ್ಲ. ತನ್ನದು ಅಂತ ಅವಳಿಗಿದ್ದದ್ದು ಅದೊಂದೇ.

ಬೇಸಗೆಯ ಒಂದು ಮಧ್ಯಾಹ್ನ ಬೆಳಗಾವಿಯಿಂದ ಅಮಿತ ಎಂಬ ಬಟ್ಟೆ ವ್ಯಾಪಾರಿ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಶೆಡ್ಡು ಸುತ್ತುತ್ತಿದ್ದವನು ಕರೆವ್ವನ ಬಳಿ ನಿಂತುಬಿಟ್ಟ. ಮಗ್ಗದ ಮೇಲಿದ್ದ ಬಟ್ಟೆಯನ್ನಲ್ಲ, ಅವಳ ಟೊಂಕದ ನೆರಿಗೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ. ಅವಳನ್ನು ಒಂದು ಮಾತು ಕೇಳಲಿಲ್ಲ. ತನ್ನ ಚರ್ಮದ ಚೀಲವನ್ನು ಆ ಸೀರೆಯ ಪಕ್ಕಕ್ಕೆ ಹಿಡಿದ. ಆ ಚರ್ಮವೂ ಹರಳು ಹರಳು.

"ನೋಡ್ರಿ ಸಾವುಕಾರ್ರ, ಎರಡೂ ಒಂದ! ಈಗ ಇದ ಫ್ಯಾಶನ್. ಈ ಸ್ಯಾಂಪಲ್ ಕೊಡ್ರಿ, ಇಂಥಾವು ಎಷ್ಟಾದ್ರೂ ಒಯ್ಯತೇನಿ."

ಕರೆವ್ವ ಸೀರೆ ಎಳೆದುಕೊಂಡು ಹಿಂದೆ ಸರಿದಳು. ಸಾವುಕಾರ ಮೇನ್ ಸ್ವಿಚ್ ಎಳೆದ. ಮಗ್ಗಗಳೆಲ್ಲ ಗಪ್ಪಾದವು.

"ಬಿಚ್ಚ ಅದನ್ನ."

"ಮನಿಗಿ ಹೋಗಿ ತಗದು, ತೊಳದು ತರತೇನ್ರಿ."

"ತೊಳದ ಹರಳ ಕೆಡಸ್ತಿಯೇನ? ಸಾಹೇಬ್ರ ಗಾಡಿ ನಿಂತೈತಿ. ಇಲ್ಲೇ ಬಿಚ್ಚ." ಮೂಟೆ ಕಟ್ಟುವ ಗೋಣಿತಟ್ಟನ್ನು ಅವಳ ಕಾಲಬುಡಕ್ಕೆ ಒಗೆದ. "ಇದನ್ನ ಸುತ್ಕೋ."

"ನನ್ನ ಕೂಲಿ ಹಿಡದ ಕೊಟ್ಟದ್ರಿ ಇದು. ನನ್ನ ಸೀರಿ."

"ನಿನ್ನ ಸೀರಿ! ಮಗ್ಗ ಯಾರದು? ನೂಲ ಯಾರದು? ನೀ ಮಲಗೂ ಖೋಲಿ ಯಾರದಬೇ? ಬಿಚ್ಚೂದಿಲ್ಲಂದ್ರ ಸಂಜಿಕ ಗಂಟಮೂಟಿ ಕಟ್ರಿ. ಬಾಜೂಕಿನ ರಬಕವಿಯೊಳಗೂ ಯಾವ ಶೆಡ್ಡಿನವ ಕರಕೋತಾನ ನಾನೂ ನೋಡತೇನಿ."

ಕರೆವ್ವ ಪಕ್ಕದ ಮಗ್ಗದಲ್ಲಿದ್ದ ಗಂಡ ದಶರಥನನ್ನು ನೋಡಿದಳು. ಅವನು ನೆಲ ನೋಡಿದ.

"ಕೊಟ್ಟ ಬಿಡ ಮಾರಾಯ್ತಿ. ಹುಡುಗೂರನ್ನ ಕಟಗೊಂಡ ಎಲ್ಲಿಗಿ ಹೋಗೂಣು?"

ಇವನ ಬಾಯಿಗೆ ಮಣ್ಣು ಬೀಳಲಿ ಎಂದುಕೊಂಡೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಶೆಡ್ಡಿನ ಹಿಂದಿನ ಆ ಖೋಲಿಗಳ ಸಾಲಿನಲ್ಲಿ ನನ್ನದೂ ಒಂದಿತ್ತು.

ನಾನೂ ಮುದಕವ್ವನೂ ಮೂಲೆಯಲ್ಲಿ ಚಾದರ ಹಿಡಿದು ಮರೆ ಮಾಡಿದೆವು. ಕರೆವ್ವ ಅದರ ಹಿಂದೆ ಹೋಗಿ ಸೀರೆ ಬಿಚ್ಚಿದಳು, ಗೋಣಿತಟ್ಟು ಸುತ್ತಿಕೊಂಡಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಆಮೇಲೆ ಎಳೆ ಕತ್ತರಿಸುವ ಪುಟ್ಟ ಕತ್ತರಿ ತೆಗೆದು ಸೆರಗಿನಿಂದ ಶುರುಮಾಡಿದಳು. ಅಂಗೈ ಅಗಲದ ತುಂಡುಗಳು ಅವಳ ಪಾದದ ಮೇಲೆ ಬೀಳತೊಡಗಿದವು.

ಮುದಕವ್ವ ನನ್ನನ್ನು ನೋಡಿದಳು. ಚಾದರ ಇಳಿಸಿದರೆ ಕರೆವ್ವ ಒಬ್ಬಳ ಖೋಲಿ ಹೋಗುತ್ತಿತ್ತು. ಹಿಡಿದು ನಿಂತರೆ ನಮ್ಮದೂ.

"ಏನ ಸಪ್ಪಳಬೇ ಅದು?" ಸಾವುಕಾರ ಆಚೆಯಿಂದ ಒದರಿದ.

"ಗಂಟ ಬಿಗದೈತ್ರಿ," ಎಂದೆ ನಾನು. "ಬಿಚ್ಚಾಕತ್ತಾಳ."

ಮುದಕವ್ವ ತನ್ನ ಕಡೆಯ ಚಾದರವನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು.