ಒಕ್ಕಣ್ಣಿಯ ಹೊಟ್ಟೆಯಲ್ಲಿದ್ದ ಅಂಗಿ

ಮಗ ಹಾರೆಯ ತುದಿಯನ್ನು ಯಂತ್ರದ ಬಾಗಿಲಿನ ಸಂದಿಗೆ ತೂರಿಸಿ ಇನ್ನೇನು ಭಾರ ಬಿಡಬೇಕು, ಅಷ್ಟರಲ್ಲಿ ಹಿಂದಿನಿಂದ ತಾಯಿಯ ದನಿ ಕೇಳಿಸಿತು.

"ಹಾರೆ ತೆಗಿ."

"ಅಮ್ಮ, ಅಪ್ಪನ ಅಂಗಿ ಒಳಗಿದೆ."

"ಗೊತ್ತು. ಇಸ್ತ್ರಿ ಹಾಕಿದವಳು ನಾನೇ. ಹಾರೆ ತೆಗಿ."

ಹೊರಗೆ ಶವವಾಹನ ಬಂದು ನಿಂತಿತ್ತು. ನಡುಮನೆಯ ಮಂಚದ ಮೇಲೆ ತಂದೆ ಬನಿಯನ್ನಿನಲ್ಲಿಯೇ ಮಲಗಿದ್ದರು, ಎದೆಯವರೆಗೆ ಹೊದಿಕೆ. ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಯ ಮೀಟರ್ ಓದುತ್ತ ಆಯುಸ್ಸು ಸವೆಸಿದ ಆ ಮನುಷ್ಯನಿಗೆ ಗ್ರೀಸಿನ ಕಲೆಯಿಲ್ಲದ ಅಂಗಿ ಇದ್ದದ್ದು ಒಂದೇ. ಆ ಬಿಳಿಯ ಅಂಗಿ ಈಗ ಒಕ್ಕಣ್ಣಿಯ ಹೊಟ್ಟೆಯಲ್ಲಿ, ತಣ್ಣನೆಯ ನೀರಿನಲ್ಲಿ, ತೋಳು ಮಡಚಿಕೊಂಡು ಬಿದ್ದಿತ್ತು.

ಒಕ್ಕಣ್ಣಿ ಎಂದರೆ ಮುಂಭಾಗದಲ್ಲಿ ಗುಂಡನೆಯ ಒಂದೇ ಗಾಜಿರುವ, ಬಟ್ಟೆ ಒಗೆಯುವ ಹಳೆಯ ಯಂತ್ರ. ಊರವರು ಬಿಸಾಡಿದ್ದನ್ನು ತಂದೆ ಹೊತ್ತು ತಂದು ದುರಸ್ತಿ ಮಾಡಿಟ್ಟ ಅಂಥವು ಇನ್ನೂ ಹಲವು ಗೋಡೆಗುಂಟ ನಿಂತಿದ್ದವು. ಹಿಂಡುವಾಗ ಗಡಗಡ ನಡುಗುತ್ತ ಅಡುಗೆಮನೆಯ ಕಡೆಗೇ ಜರುಗುವ ದಪ್ಪನೆಯದಕ್ಕೆ 'ಅತ್ತೆ' ಎಂದು ಹೆಸರು. ಹೊಟ್ಟೆ ತುಂಬ ನೀರು ಕುಡಿದು ಸುಮ್ಮನೆ ನಿಂತುಬಿಡುವುದು 'ಗುಮಾಸ್ತ'. ಬಟ್ಟೆ ಒಣಗಿಸುವ ಡ್ರೈಯರು ಬಿಸಿಗಾಳಿ ಬಿಡುವುದಲ್ಲದೆ ಬೇರೆ ಏನನ್ನೂ ಮಾಡದ ಕಾರಣ 'ಭಾವ'. ನಿಜವಾದ ಭಾವನವರು, ಅಂದರೆ ತಂದೆಯ ಅಕ್ಕನ ಗಂಡ, ಈ ಸಂಗತಿ ತಿಳಿಯದೆ ಅದೇ ಡ್ರೈಯರಿನ ಮೇಲೆ ಕೈಯೂರಿ, ಮನುಷ್ಯನ ಬಾಳು ನೀರ ಮೇಲಣ ಗುಳ್ಳೆಯೆಂದು ನೆರೆಯವರಿಗೆ ವಿವರಿಸುತ್ತಿದ್ದರು.

ಪ್ರತಿ ಯಂತ್ರಕ್ಕೂ ವಾರದಲ್ಲೊಂದು ಸರದಿ, ನಿನ್ನೆ ಒಕ್ಕಣ್ಣಿಯದು. ಎದುರಿನ ಬೆತ್ತದ ಕುರ್ಚಿಯಲ್ಲಿ ಕುಳಿತು, ಅಂಗಿ ತಿರುಗುವುದನ್ನು ನೋಡುತ್ತ ನೋಡುತ್ತಲೇ ತಂದೆ ಹೋಗಿಬಿಟ್ಟಿದ್ದರು. ಶಾಕ್ ಹೊಡೆದಿರಬೇಕೆಂದು ಹೆದರಿದ ತಾಯಿ ಓಡಿಬಂದು ಗೋಡೆಯ ಸ್ವಿಚ್ ಆರಿಸಿದ್ದರು. ಶಾಕ್ ಅಲ್ಲ, ಹೃದಯ ನಿಂತದ್ದು ಎಂದು ವೈದ್ಯರು ಹೇಳಿದರು. ಒಕ್ಕಣ್ಣಿಯೂ ಅರ್ಧಕ್ಕೇ ನಿಂತಿತು. ಹಿಡಿದ ಕೆಲಸ ಮುಗಿಯುವ ತನಕ ಬಾಯಿ ತೆರೆಯುವ ಜಾಯಮಾನ ಅದರದಲ್ಲ.

ಸ್ವಿಚ್ ಹಾಕಿದರೆ ಅದು ನಿಂತಲ್ಲಿಂದ ಮುಂದುವರಿದು ತಾನಾಗಿಯೇ ಮುಗಿಸುತ್ತದೆಂದು ತಾಯಿ ಹೇಳಿದಾಗ, ತಂದೆಯ ಅಕ್ಕ ಮೂಗಿನ ಮೇಲೆ ಬೆರಳಿಟ್ಟರು.

"ಹೆಣ ಮನೇಲಿಟ್ಕೊಂಡು ಬಟ್ಟೆ ಒಗೀತಾರೇನೇ? ಕಂಡೋರು ಏನಂದಾರು?"

ಕಂಡವರು ಏನಂದಾರು ಎಂಬ ಅಂಜಿಕೆಯಿಂದ ಜಗತ್ತಿನಲ್ಲಿ ನಿಂತುಹೋದ ಒಳ್ಳೆಯ ಕೆಲಸಗಳಿಗೆ ಲೆಕ್ಕವಿಲ್ಲ. ತಮ್ಮನು ಬದುಕಿದ್ದಾಗ ಈ ಹೊಸ್ತಿಲು ತುಳಿಯಲು ಪುರುಸೊತ್ತಿಲ್ಲದ ಹಿರಿಯಾಕೆಯೇ ಇಂದು ಮನೆಯ ಮರ್ಯಾದೆಗೆ ಕಾವಲು ನಿಂತಿದ್ದರು.

ಮಗ ದನಿ ತಗ್ಗಿಸಿದ. "ಸಾಯಂಕಾಲ ಗುಜರಿಯವನು ಬರ್ತಾನೆ. ಹೇಗೂ ಎಲ್ಲ ಒಡೆದೇ ತಗೊಂಡು ಹೋಗ್ತಾನಮ್ಮ."

"ಅವನನ್ನ ಕರೆದೋರು ಯಾರು?"

"ನೀನೇ ಹೇಳ್ತಿದ್ಯಲ್ಲ! ನಿಮ್ಮ ಹೆಣ ಗೇಟು ದಾಟೋದ್ರೊಳಗೆ ಗುಜರಿಯವನನ್ನ ಕರೀತೀನಿ ಅಂತ ಅಪ್ಪನಿಗೆ. ನಾನು ಹುಟ್ಟಿದಾಗಿಂದ ಕೇಳಿದೀನಿ."

ತಾಯಿ ಮಗನ ಕೈಯಿಂದ ಹಾರೆ ಕಿತ್ತು ಗೋಡೆಗೆ ಒರಗಿಸಿದರು.

"ಅವರಿಗೆ ಕೇಳಿಸ್ಲಿ ಅಂತ ಹೇಳ್ತಿದ್ದೆ ಕಣೋ. ನಿನಗೆ ಕೇಳಿಸ್ಲಿ ಅಂತಲ್ಲ."

* * *

ಒಕ್ಕಣ್ಣಿ ಸಿಕ್ಕಿದ್ದು ಒಂದು ದೊಡ್ಡ ಮನೆಯ ಹಿತ್ತಲಿನಲ್ಲಿ. ಮೀಟರ್ ಓದಲು ಬಗ್ಗಿದವನ ಕಣ್ಣಿಗೆ ಬಳ್ಳಿಗಳ ನಡುವೆ ಆ ಗಾಜಿನ ಕಣ್ಣು ಬಿದ್ದಿತ್ತು. ಒಳಗೆ ಕೋಳಿಯೊಂದು ಕಾವು ಕೂತಿತ್ತು. ಯಂತ್ರ ಕೆಟ್ಟಿದೆಯೇ ಎಂದು ಕೇಳಿದರೆ, ಇಲ್ಲ, ಹೊಸದು ಬಂದಿದೆ ಎಂದು ಉತ್ತರ ಬಂತು. ಕೆಟ್ಟದ್ದನ್ನು ಎಸೆಯುವುದು ವಿವೇಕ. ದುಡಿದು ಹಳತಾದದ್ದನ್ನು ಎಸೆಯುವುದು ಕೃತಘ್ನತೆ. ಮೀಟರಿನವನಿಗೆ ಈ ವ್ಯತ್ಯಾಸ ತಿಳಿದಿತ್ತು. ಮರಿಗಳು ಹೊರಬೀಳುವವರೆಗೆ ಕಾದು, ಕೈಗಾಡಿಯಲ್ಲಿ ಅದನ್ನು ಮನೆಗೆ ತಂದ.

ಆಗ ಹೆಂಡತಿ ಒಗೆಯುವ ಕಲ್ಲಿನ ಮುಂದೆ ಬೆನ್ನು ಬಗ್ಗಿಸುತ್ತಿದ್ದ ಕಾಲ. ಸೋಪಿನ ನೀರಿಗೆ ಬೆರಳುಗಳು ಬಿರಿದಿದ್ದವು. ಗಂಡ ಹೇಳದೆ ಕೇಳದೆ ತನ್ನ ಕಷ್ಟ ಅರಿತನಲ್ಲ ಎಂದು ಹಿಗ್ಗಿ, ಯಂತ್ರ ದುರಸ್ತಿಯಾದ ದಿನ ಒಂದು ಹೊರೆ ಬಟ್ಟೆ ಹೊತ್ತು ತಂದಳು. ಗಂಡ ಎರಡೂ ಕೈ ಅಗಲಿಸಿ ಒಕ್ಕಣ್ಣಿಗೆ ಅಡ್ಡ ನಿಂತ.

"ಇದೆಲ್ಲ ಕೊಳೆ ಬಟ್ಟೆ ಅಲ್ವೇನೇ?"

"ಮತ್ತೆ ಒಗೆಯೋ ಯಂತ್ರಕ್ಕೆ ಏನು ಹಾಕ್ತಾರೆ, ಹೂವಾ?"

"ಅವಳಿಗೆ ವಯಸ್ಸಾಗಿದೆ ಕಣೆ, ತಡೆಯಲ್ಲ. ನೀನು ಒಂದ್ಸಲ ಒಗೆದುಕೊಂಡು ಬಾ. ಆಮೇಲೆ ಹಾಕೋಣ."

ಅಂದಿನಿಂದ ಹೆಂಡತಿ ಕಲ್ಲಿನ ಮೇಲೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಕೊಟ್ಟದ್ದನ್ನು ಗಂಡ ಯಂತ್ರಕ್ಕೆ ಹಾಕಿ ಮತ್ತೆ ಒದ್ದೆ ಮಾಡುತ್ತಿದ್ದ. ಇದು ಅನ್ಯಾಯ. ತಪ್ಪು ಮಾಡಿದವನು ಸಾಧು ಸ್ವಭಾವದವನೆಂಬ ಕಾರಣಕ್ಕೆ ಅನ್ಯಾಯದ ಹೆಸರನ್ನು ಬದಲಾಯಿಸಬಾರದು. ಮನೆ ತುಂಬ ಒಗೆಯುವ ಯಂತ್ರಗಳಿದ್ದೂ ಕೈಯಲ್ಲೇ ಬಟ್ಟೆ ಒಗೆದ ಹೆಂಗಸು ಆ ಊರಿನಲ್ಲಿ ಆಕೆಯೊಬ್ಬಳೇ.

ತಪ್ಪಿನ ಅರಿವು ಆತನಿಗೂ ಇತ್ತೇನೋ. ಪ್ರತಿ ಸರದಿಯಂದೂ ತನ್ನ ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿ, "ಬಾರೇ, ಕೂತ್ಕೊಂಡು ನೋಡು, ಎಷ್ಟು ಚೆನ್ನಾಗಿ ತಿರುಗ್ತಾಳೆ" ಎಂದು ಕರೆಯುತ್ತಿದ್ದ. ಆಕೆ ಒಂದು ದಿನವೂ ಕೂರಲಿಲ್ಲ.

"ನನಗೆ ಒಗೆಯೋದಿದೆ" ಎನ್ನುತ್ತಿದ್ದಳು.

* * *

ಶವವಾಹನದ ಚಾಲಕ ಒಳಗೆ ಬಂದು, ತಾನು ಇನ್ನೊಂದು ಮನೆಗೆ ಹೋಗಬೇಕಾಗಿದೆ, ಅಲ್ಲಿಯೂ ಕಾಯುತ್ತಿದ್ದಾರೆ ಎಂದು ಗೊಣಗಿದ.

"ಅಲ್ಲಿ ಮಲಗಿರೋರಿಗೂ ಅವಸರ ಇರಲ್ಲಪ್ಪ. ಕೂತ್ಕೋ" ಎಂದು ಹೇಳಿ ತಾಯಿ ಸ್ವಿಚ್ ಹಾಕಿದರು.

ಒಕ್ಕಣ್ಣಿ ಒಮ್ಮೆ ಗೊರಕೆ ಹೊಡೆದಂತೆ ಸದ್ದು ಮಾಡಿತು. ಅಂಗಿ ಅಲುಗಿತು, ಎದ್ದಿತು, ತಿರುಗಿತು. ಒಂದು ತೋಳು ಗಾಜಿಗೆ ಬಂದು ಅಂಟಿ, ಜಾರಿ, ಹಿಂದಕ್ಕೆ ಹೋಯಿತು. ಮುಖ ತಿರುಗಿಸಿ ಕೂತಿದ್ದ ತಂದೆಯ ಅಕ್ಕ ಓರೆಗಣ್ಣಿನಿಂದ ನೋಡಿದರು. ಆಮೇಲೆ ನೇರವಾಗಿ ನೋಡಿದರು. ಆಮೇಲೆ ಮುಂದಿದ್ದವರನ್ನು ಸರಿಸಿ ಕುರ್ಚಿ ಎಳೆದುಕೊಂಡರು. ಚಾಲಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ. ಬಾಳು ನೀರ ಮೇಲಣ ಗುಳ್ಳೆಯೆಂದಿದ್ದ ಭಾವನವರು ನಿಜವಾದ ಗುಳ್ಳೆಗಳನ್ನು ಕಂಡು ಮಾತು ನಿಲ್ಲಿಸಿದರು.

ಒಂದೇ ಒಂದು ಸಲ ಪೂರ್ತಿ ಕೂತು ನೋಡಿ ಎಂದು ತಂದೆ ಈ ನೆರೆಯವರನ್ನೆಲ್ಲ ಎಷ್ಟು ಅಂಗಲಾಚಿದ್ದರು! ಹಾಗೆ ಕೇಳಿದಾಗಲೆಲ್ಲ ಒಲೆಯ ಮೇಲೆ ಹಾಲಿಟ್ಟು ಬಂದದ್ದು ಅವರಿಗೆ ನೆನಪಾಗುತ್ತಿತ್ತು. ಇಂದು ಯಾರ ಮನೆಯಲ್ಲೂ ಹಾಲು ಉಕ್ಕಲಿಲ್ಲ.

ತಾಯಿ ಹಿಂತಿರುಗಿ ನೋಡಿದರು. ಎಲ್ಲರೂ ತಂದೆಗೆ ಬೆನ್ನು ಹಾಕಿ ಕುಳಿತಿದ್ದರು.

"ಮಂಚ ಈ ಕಡೆ ತಿರುಗಿಸು" ಎಂದು ಮಗನಿಗೆ ಹೇಳಿದರು. ಮಗ ಮತ್ತು ಚಾಲಕ ಎರಡು ತುದಿ ಹಿಡಿದು ತಿರುಗಿಸಿದರು. ಯಾರೂ ಹೇಳದೆಯೇ ಮಗ ತಂದೆಯ ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟ.

ಕೊನೆಗೆ ಬಾಗಿಲು ಟಕ್ಕೆಂದಿತು. ತಾಯಿ ಅಂಗಿಯನ್ನು ಕೊಡವಿ ಮಗನ ಕೈಗೆ ಕೊಟ್ಟು, "ಭಾವನ ಹೊಟ್ಟೆಗೆ ಹಾಕು" ಎಂದರು. ಭಾವನವರು ಬೆಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು.

ಡ್ರೈಯರಿನಿಂದ ಬಂದ ಅಂಗಿಯನ್ನು ತೊಡಿಸುವಾಗ ಅಕ್ಕ ತಮ್ಮನ ಎದೆಯ ಮೇಲಿನ ಗುಂಡಿ ಹಾಕಲು ಹೋದವರು ಕೈ ಹಿಂದಕ್ಕೆ ತೆಗೆದರು. "ಬೆಚ್ಚಗಿದೆ ಕಣೇ" ಎಂದರು. ಬೆಳಗಿನಿಂದ ಮರ್ಯಾದೆ ಕಾಯುತ್ತಿದ್ದ ಹಿರಿಯಾಕೆಗೆ ಆಗ ಅಳು ಬಂತು.

* * *

ಎಲ್ಲ ಮುಗಿಸಿ ಮನೆಗೆ ಮರಳಿದ ಮೇಲೆ ತಾಯಿ ಮಂಚದ ಹಾಸು, ಹೊದಿಕೆ, ದಿಂಬಿನ ಚೀಲಗಳನ್ನು ಎಳೆದು ತೆಗೆದರು. ಬಂದವರು ಕೈ ಒರೆಸಿದ ಟವೆಲುಗಳನ್ನು ಆಯ್ದರು. ಮಗನ ಜೇಬಿನಿಂದ ಮುದ್ದೆಯಾದ ಕರವಸ್ತ್ರ ಕಿತ್ತುಕೊಂಡರು. ಬಾಗಿಲಲ್ಲಿ ಇಡೀ ದಿನ ಊರವರ ಕಾಲಧೂಳು ತಿಂದ ಕಾಲೊರೆಸನ್ನೂ ಎತ್ತಿಕೊಂಡರು. ಎಲ್ಲವನ್ನೂ ಒಕ್ಕಣ್ಣಿಯೊಳಗೆ ತುರುಕಿ, ಮೊಣಕಾಲಿನಿಂದ ಬಾಗಿಲು ಒತ್ತಿದರು.

ಗೇಟಿನ ಬಳಿ ಗುಜರಿಯವನ ಗಾಡಿ ನಿಂತ ಸದ್ದಾಯಿತು.

"ಅಮ್ಮ, ಬಂದಿದಾನೆ. ಏನು ಹೇಳ್ಲಿ?"

"ಇವಳು ಕೆಲಸದಲ್ಲಿದಾಳೆ ಅಂತ ಹೇಳು."

ಯಂತ್ರ ನೀರು ಕುಡಿಯಿತು, ಒಮ್ಮೆ ತಡೆದು ನಿಂತಿತು, ಆಮೇಲೆ ಭಾರವಾಗಿ ಉರುಳತೊಡಗಿತು. ಗಾಜಿನ ಹಿಂದೆ ನೀರು ಮೊದಲು ಬೂದಿಯ ಬಣ್ಣಕ್ಕೆ, ಅನಂತರ ಕೆಸರಿನ ಬಣ್ಣಕ್ಕೆ ತಿರುಗಿತು. ತಾಯಿ ಬೆತ್ತದ ಕುರ್ಚಿಯಲ್ಲಿ ಕುಳಿತು, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಮೇಲೆ ಎರಡೂ ಕಾಲು ಚಾಚಿದರು.